ಚಿತ್ರ ಸರಿಯಾಗೇ ಇತ್ತು

ಬುಧವಾರ ಏಳೂವರೆಗೆ
ಮಂಡ್ಯದ ಗುತ್ತಲು ರಸ್ತೆಯ ನಮ್ಮ ಪಡಸಾಲೆಗೆ
ಇನ್ನೊಂದು ಪಡಸಾಲೆ ಬರುತ್ತಿತ್ತು.
ಕಪ್ಪು ಬಿಳುಪು ಟೀವಿ, ಮೇಲೆ ಅತ್ತೆ ಹೆಣೆದ ಕ್ರೋಷಾ,
ಅದರ ಮೇಲೆ ಗಾಜಿನ ಬಾತುಕೋಳಿ.
ಧಾರಾವಾಹಿಯ ಹೆಸರು ‘ಪಡಸಾಲೆ ಪಂಚಾಯ್ತಿ’.
ಗುಮಾಸ್ತ ಶಿವನಂಜಯ್ಯ, ಅವನ ಬಾಯಿಬಡುಕಿ ತಾಯಿ ಅಚ್ಚಮ್ಮ,
ಬಿ.ಎ. ಓದುವ ಸುಗುಣ, ಮುರುಕು ಕಾಲಿನ ಒಂದು ಸೋಫಾ.
ವಾರಕ್ಕೊಬ್ಬರು ಕೂತು ಬೀಳುತ್ತಿದ್ದರು.
ಡಬ್ಬಿಯಲ್ಲಿ ತುಂಬಿಟ್ಟ ನಗು ಗಲಗಲ ಸುರಿಯುತ್ತಿತ್ತು;
ಅದಕ್ಕಿಂತ ಒಂದು ಉಸಿರು ಮೊದಲೇ
ನಾವು ನಗುತ್ತಿದ್ದೆವು, ಗೆದ್ದವರ ಹಾಗೆ.
ಹದಿನೆಂಟು ಜನ. ಚಪ್ಪಲಿ ಎಣಿಸಿದ್ದೇನೆ.

ಸುಗುಣಳನ್ನು ನೋಡಲು ಗಂಡು ಬಂದ ವಾರ
ಅವಳು ಉಪ್ಪಿಟ್ಟಿನ ತಟ್ಟೆ ಇಟ್ಟು ಕೇಳಿದಳು:
“ಹುಡುಗ ಟನ್ನಿಗೆಷ್ಟು? ಸೋಗೆ ಸವರಿಯೋ, ಸೋಗೆ ಸಮೇತವೋ?”
ಕಬ್ಬಿನೂರು ನಮ್ಮದು. ಫ್ಯಾಕ್ಟರಿಯ ತೂಕದ ಚೀಟಿ
ಮನೆಮನೆಯ ಮೊಳೆಗೆ ಚುಚ್ಚಿದ್ದ ಕಾಲ.
ಪಕ್ಕದ ಮನೆ ಕರಿಗೌಡಜ್ಜ ಕೆಮ್ಮಿ ಕೆಮ್ಮಿ ನಕ್ಕ.
ಅತ್ತೆ ನಗಲಿಲ್ಲ.
ಅವಳ ಗಂಡಿನವರು ಕೇಳಿದ್ದ ಸ್ಕೂಟರಿನ ಮುಂಗಡ ರಸೀತಿ
ಅಪ್ಪನ ಅಂಗಿಯ ಜೇಬಿನಲ್ಲಿತ್ತು.
ಅಪ್ಪ ಎದ್ದ. “ಆಂಟೆನಾ ತಿರುಗಿಸಿ ಬತ್ತೀನಿ” ಎಂದ.
ಚಿತ್ರ ಸರಿಯಾಗೇ ಇತ್ತು.
ತಾರಸಿಯಿಂದ ಕೂಗುತ್ತಿದ್ದ, “ಬಂತಾ? ಬಂತಾ?”
“ಬಂದೈತೆ,” ಎಂದಳು ಅತ್ತೆ,
ಮೆಲ್ಲಗೆ, ಟೀವಿಗೆ.

ಮತ್ತೊಂದು ವಾರ ಲೋಟದ ಕಥೆ.
ಶಿವನಂಜಯ್ಯನ ಕಿಟಕಿಯಲ್ಲಿ ಬೇರೆಯೇ ಇಟ್ಟ ಲೋಟ,
ಬೀದಿ ಗುಡಿಸುವವಳಿಗೆ.
ಕನ್ನಡಕ ಕಳೆದುಕೊಂಡ ಅಚ್ಚಮ್ಮ ಅದರಲ್ಲೇ ಕಾಫಿ ಕುಡಿದು
“ಇವತ್ತೇನು ರುಚಿ!” ಎಂದು ಇನ್ನೊಂದು ಸಲ ಕೇಳಿದಳು.
ಡಬ್ಬಿ ನಗು ಸುರಿಯಿತು.
ನಮ್ಮಲ್ಲಿ ಯಾರೂ ಉಸಿರಾಡಲಿಲ್ಲ.
ನಮ್ಮ ಕಿಟಕಿಯಲ್ಲೂ ಒಂದಿತ್ತು,
ಅಲ್ಯುಮಿನಿಯಮ್ಮಿನದು, ಕಂಠ ಚಪ್ಪಟೆಯಾದದ್ದು.
ಅದರವಳು ಚಿಕ್ಕತಾಯಿ,
ಹೊಸ್ತಿಲಾಚೆ ಕಂಬಕ್ಕೊರಗಿ
ವರ್ಷವಿಡೀ ಓರೆಯಾಗಿ ಟೀವಿ ನೋಡಿದವಳು,
ನಕ್ಕಳು.
ಸೆರಗು ಬಾಯಿಗಿಟ್ಟು, ತಡೆಯದೆ,
ಸೆರಗು ತೆಗೆದು ನಕ್ಕಳು.

ಅಜ್ಜಿ ಕೆಂಪಾಜಮ್ಮ ಗಂಟಲು ಸರಿಮಾಡಿಕೊಂಡಳು:
“ಅದೇನ್ ನಗ್ತೀಯಮ್ಮಿ, ನಾಟ್ಕ ಕನಾ ಅದು.”
“ನಾಟ್ಕ ಅಂತ್ಲೇ ನಗ್ತಾ ಇವ್ನಿ ಕನ್ರವ್ವ.”

ಮರುದಿನ ಕಾಫಿಯಿಲ್ಲ. ಹಾಲು ಒಡೆದಿದೆ ಎಂದರು.
ಎಂಟು ದಿನ ನಮ್ಮದು ಹಾಲು ಒಡೆದ ಮನೆ.
ಒಂಬತ್ತನೆಯ ದಿನ ಕಿಟಕಿ ಖಾಲಿ,
ಚಿಕ್ಕತಾಯಿಯ ಕೈಯಲ್ಲಿ ಹೂವಿನ ಗೆರೆಯ ಸ್ಟೀಲು ಲೋಟ, ನಮ್ಮದೇ.
ಅವಳು ಹೋದ ಮೇಲೆ
ಅಜ್ಜಿ ಅದನ್ನು ಬೂದಿ ಹಾಕಿ ಮೂರು ಸಲ ತಿಕ್ಕಿದಳು.
ಮುಂದಿನ ತಿಂಗಳು ಎರಡು ಸಲ.
ಕಾಲೇಜಿನಲ್ಲಿ ಕ್ರಾಂತಿಯೆಂದರೇನು ಎಂದು ಕೇಳಿದಾಗ
ನನಗೆ ನೆನಪಾದದ್ದು
ಆ ಕಡಿಮೆಯಾದ ಒಂದು ತಿಕ್ಕು.

ಆಮೇಲೆ ನೀರಿನ ಗಲಾಟೆಯ ವರ್ಷ.
ಹೆದ್ದಾರಿಯಲ್ಲಿ ಬಸ್ಸಿಲ್ಲ, ಒಣಹಾಕಿದ ಬಟ್ಟೆಗೂ ಟೈರಿನ ವಾಸನೆ.
ಅಚ್ಚಮ್ಮನಿಗೂ ಪಕ್ಕದ ಮನೆಯ ತಮಿಳು ಮಾಮಿಗೂ
ಒಂದೇ ನಲ್ಲಿಯ ಜಗಳ;
ಇಬ್ಬರೂ ಕೊಡ ಎತ್ತಿ ನಿಂತಲ್ಲಿಗೆ ‘ಮುಂದುವರಿಯುವುದು’.
ಮುಂದುವರಿಯಲಿಲ್ಲ.
‘ಅಡಚಣೆಗಾಗಿ ಕ್ಷಮಿಸಿ’ ಎಂಬ ಹಲಗೆ, ವೀಣೆಯ ಸದ್ದು, ಅರ್ಧ ಗಂಟೆ.
ಹಲಗೆಯನ್ನೇ ನೋಡುತ್ತ ಕೂತೆವು ಹದಿನೆಂಟೂ ಜನ.
ಅಲ್ಲ, ಹದಿನೇಳು. ತಿದ್ದಿಕೊಳ್ಳುತ್ತೇನೆ.
ಇಸ್ತ್ರಿ ಅಂಗಡಿಯ ಮುರುಗೇಶಣ್ಣ ಬಂದಿರಲಿಲ್ಲ.
ರಾತ್ರಿ ಅಪ್ಪ ಅವನ ಮನೆಗೆ ಹೋದ.
ಏನು ಮಾತಾಡಿದರೋ.
ಹೋಗುವಾಗ ಕೈಯಲ್ಲಿ ತುಂಬಿದ ಕೊಡವಿತ್ತು,
ಬರುವಾಗ ಇರಲಿಲ್ಲ.

ಅತ್ತೆ ಸ್ಕೂಟರಿನ ಹಿಂದೆ ಕೂತೇ ಗಂಡನ ಮನೆಗೆ ಹೋದಳು.
ಆ ಟೇಪುಗಳ ಮೇಲೆ ಬೇರೇನೋ ತುಂಬಿ ಅಳಿಸಿದರಂತೆ;
ನಲ್ಲಿಯ ಜಗಳ ಹೇಗೆ ಮುಗಿಯಿತೋ
ಬರೆದವನಿಗೂ ನೆನಪಿರಲಾರದು.

ಈಗ ಅವಳ ಗೋಡೆಯಗಲದ ಟೀವಿಯಲ್ಲಿ
ಎಂಟು ಚೌಕದೊಳಗೆ ಎಂಟು ಜನ ಒಟ್ಟಿಗೇ ಕಿರುಚುತ್ತಾರೆ.
ಆಂಟೆನಾ ಇಲ್ಲ, ತಾರಸಿಗೆ ಓಡಲು ನೆಪವಿಲ್ಲ.
ಅತ್ತೆ ಸದ್ದು ಅಡಗಿಸಿ, ಅವರೆಕಾಯಿ ಬಿಡಿಸುತ್ತ,
“ಒಬ್ನಾದ್ರೂ ಸೋಫಾದಿಂದ ಬೀಳ್ಬಾರ್ದಾ,” ಎನ್ನುತ್ತಾಳೆ.